ರೇಸಿಂಗ್ ಗೇಮ್‌ಗಳಲ್ಲಿ ಸಣ್ಣ ಕಾರಿಗೆ ಸಲ್ಲಬೇಕಾದ ಗೌರವ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ರೇಸಿಂಗ್ ವಿಡಿಯೊ ಗೇಮ್‌ಗಳ ಬಗ್ಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಬುಗಾಟಿ, ಲ್ಯಾಂಬೊರ್ಗಿನಿ, ಮೆಕ್‌ಲಾರೆನ್ ಮೊದಲಾದ ಸೂಪರ್‌ಕಾರುಗಳ ಅಂದಚೆಂದವನ್ನೂ ವೇಗವನ್ನೂ ಲೇಖಕರು ಸೊಗಸಾಗಿ ವಿವರಿಸಿದ್ದಾರೆ. ಆದರೆ ಅದೇ ಆಟಗಳಲ್ಲಿರುವ ಸಾಧಾರಣ ಕಾರುಗಳ ಪಾಲಿಗೆ ಬಂದದ್ದು ಒಂದೇ ಒಂದು ವಾಕ್ಯ: ಆರಂಭದಲ್ಲಿ ಸಿಗುವ ಸಣ್ಣ ಕಾರನ್ನು ಆದಷ್ಟು ಬೇಗ ಬಿಟ್ಟು ಮುಂದಕ್ಕೆ ಹೋಗಬೇಕು ಎಂಬ ಸಲಹೆ. ನಾನು ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಕಾರು ಓಡಿಸಲು ಕಲಿಸುತ್ತಿದ್ದೇನೆ. ಬಿಡುವು ಸಿಕ್ಕಾಗ ಅಣ್ಣನ ಮಗನ ಜೊತೆ ಕುಳಿತು ಈ ಆಟಗಳನ್ನು ಆಡುತ್ತಲೂ ಇದ್ದೇನೆ. ಈ ಎರಡೂ ಅನುಭವದಿಂದ ಹೇಳುವುದಾದರೆ ಆ ಸಲಹೆ ತಪ್ಪು. ರೇಸಿಂಗ್ ಗೇಮ್‌ನಲ್ಲಿ ಓಡಿಸುವ ಸುಖ ಎಂಬುದೊಂದು ಇದ್ದರೆ ಅದು ಹೆಚ್ಚಾಗಿ ಇರುವುದು ಸಣ್ಣ ಕಾರಿನಲ್ಲಿಯೇ.

ಈ ಆಟಗಳ ಚರಿತ್ರೆಯನ್ನು ನೋಡಿದರೂ ಸಾಧಾರಣ ಕಾರಿನ ಪಾಲು ಚಿಕ್ಕದೇನಲ್ಲ. 1994ರಲ್ಲಿ ಬಂದ ಮೊದಲ ನೀಡ್ ಫಾರ್ ಸ್ಪೀಡ್ ದುಬಾರಿ ಕಾರುಗಳ ಆಟವಾಗಿತ್ತು. ಆದರೆ 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಗ್ರ್ಯಾನ್ ಟುರಿಸ್ಮೊದಲ್ಲಿ ಅದರ ನಿರ್ಮಾಪಕ ಕಜುನೊರಿ ಯಮೌಚಿ ಆಟಗಾರನ ಕೈಗೆ ಬರೀ 10,000 ಕ್ರೆಡಿಟ್ (ಆಟದೊಳಗಿನ ಹಣ) ಕೊಟ್ಟು ಪೇಟೆಗೆ ಕಳಿಸಿದರು. ಆ ಹಣಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕಾರು. ಇಪ್ಪತ್ತೈದು ವರ್ಷಗಳ ನಂತರವೂ, ಅಂದರೆ 2022ರಲ್ಲಿ ಬಂದ ಗ್ರ್ಯಾನ್ ಟುರಿಸ್ಮೊ 7ರಲ್ಲೂ, ಆರಂಭಕ್ಕೆ ಮುಂದಿಡುವುದು ಮಜ್ದಾ ಡೆಮಿಯೊ, ಟೊಯೊಟಾ ಆಕ್ವಾ, ಹೋಂಡಾ ಫಿಟ್ ಎಂಬ ಮೂರು ಬಳಸಿದ ಕಾರುಗಳನ್ನೇ. ಜಪಾನಿನಲ್ಲಿ ಜನರು ಸಂತೆಗೂ ಆಫೀಸಿಗೂ ಒಯ್ಯುವಂಥ ಕಾರುಗಳು ಇವು. ನೀಡ್ ಫಾರ್ ಸ್ಪೀಡ್ ಕೂಡ 2003ರ ಅಂಡರ್‌ಗ್ರೌಂಡ್ ಎಂಬ ಆವೃತ್ತಿಯಲ್ಲಿ ಫೆರಾರಿ, ಲ್ಯಾಂಬೊರ್ಗಿನಿಗಳನ್ನು ಬಿಟ್ಟು ಹೋಂಡಾ ಸಿವಿಕ್, ಫೋಕ್ಸ್‌ವ್ಯಾಗನ್ ಗಾಲ್ಫ್, ಪ್ಯೂಜೊ 206ಗಳ ಕಡೆಗೆ ಹೊರಳಿತು. ನನ್ನ ಬಳಿ ಕಲಿಯಲು ಬಂದವರಲ್ಲಿ ಈಗ ಮೂವತ್ತೈದು ದಾಟಿದ ಎಷ್ಟೋ ಮಂದಿ ಆ ಆಟವನ್ನು ಇಂದಿಗೂ ನೆನೆಯುತ್ತಾರೆ.

ಸಣ್ಣ ಕಾರು ಯಾಕೆ ರುಚಿಸುತ್ತದೆ ಎಂಬುದಕ್ಕೆ ಕಾರಣ ಯಂತ್ರದಲ್ಲಿಯೇ ಇದೆ. ಬುಗಾಟಿ ವೇರಾನ್ ಸಾವಿರ ಅಶ್ವಶಕ್ತಿಯನ್ನೂ ಮೀರಿದ ಕಾರು. ಅಂಥದರಲ್ಲಿ ತಿರುವಿಗೆ ತಪ್ಪಾಗಿ ನುಗ್ಗಿ, ವೇಗ ಕಳೆದುಕೊಂಡು, ಅಡ್ಡಾದಿಡ್ಡಿಯಾಗಿ ಹೊರಬಂದರೂ ಆಟಗಾರನಿಗೆ ಚಿಂತೆಯಿಲ್ಲ. ಆಕ್ಸಿಲರೇಟರ್ ಒತ್ತಿದರೆ ಕಳೆದ ವೇಗ ಒಂದೆರಡು ಕ್ಷಣದಲ್ಲಿ ಮರಳಿ ಬರುತ್ತದೆ, ಮಾಡಿದ ತಪ್ಪು ಮಾಡಿದವನಿಗೇ ತಿಳಿಯುವುದಿಲ್ಲ. ಎಂಬತ್ತೋ ನೂರೋ ಅಶ್ವಶಕ್ತಿಯ ಕಾರಿನಲ್ಲಿ ಈ ಸಾಲ ತೀರಿಸುವುದು ಅಷ್ಟು ಸುಲಭವಲ್ಲ. ತಿರುವಿನಲ್ಲಿ ಗಂಟೆಗೆ ಐದು ಕಿಲೊಮೀಟರಿನಷ್ಟು ವೇಗ ಹೋಯಿತೆಂದರೆ ಆ ಕೊರತೆಯನ್ನು ಮುಂದಿನ ನೇರ ದಾರಿ ಮುಗಿಯುವವರೆಗೂ ಹೊತ್ತುಕೊಂಡೇ ಸಾಗಬೇಕಾಗುತ್ತದೆ, ಹಿಂದಿದ್ದವನು ಆ ಹೊತ್ತಿಗೆ ಪಕ್ಕಕ್ಕೆ ಬಂದಿರುತ್ತಾನೆ. ಹೀಗಾಗಿ ಎಲ್ಲಿ ಬ್ರೇಕ್ ಹಿಡಿಯಬೇಕು, ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕಾಚಾರವೇ ಆಟವಾಗುತ್ತದೆ. ಟೈರಿಗೆ ನೆಲ ಹಿಡಿಯುವ ಶಕ್ತಿ ಇಂತಿಷ್ಟೇ ಎಂದು ಇರುತ್ತದೆ. ಅದನ್ನು ಬ್ರೇಕಿಗೂ ತಿರುವಿಗೂ ಹಂಚಿಕೊಡಬೇಕು. ಬ್ರೇಕಿಗೇ ಎಲ್ಲವನ್ನೂ ಸುರಿದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ತಿರುವಿನ ನಡುವೆ ಅವಸರಪಟ್ಟು ಆಕ್ಸಿಲರೇಟರ್ ಒತ್ತಿದರೆ ಮೂತಿ ಹೊರಕ್ಕೆ ಜಾರುತ್ತದೆ. ಟೈರಿನ ಹಿಡಿತದ ಈ ನಿಯಮಗಳು ಸೂಪರ್‌ಕಾರಿಗೂ ಅನ್ವಯಿಸುತ್ತವೆ, ಆದರೆ ಗಂಟೆಗೆ 300 ಕಿಲೊಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 83 ಮೀಟರ್ ದಾರಿ ಸರಿದುಹೋಗುವಾಗ, ಹೊಸಬನಿಗೆ ಇವುಗಳನ್ನು ಗಮನಿಸಲು ವ್ಯವಧಾನವಾದರೂ ಎಲ್ಲಿಂದ ಬರಬೇಕು?

ಕಳೆದ ತಿಂಗಳು ಒಂದು ರವಿವಾರ ಇದನ್ನು ಕಣ್ಣಾರೆ ಕಂಡೆ. ಅಣ್ಣನ ಮಗ ಜಪಾನಿನ ತ್ಸುಕುಬಾ ಟ್ರ್ಯಾಕಿನಲ್ಲಿ ವೇರಾನ್ ಓಡಿಸುತ್ತಿದ್ದ. ಎರಡು ಕಿಲೊಮೀಟರಿಗೆ ಚೂರು ಹೆಚ್ಚು, 2,045 ಮೀಟರ್ ಉದ್ದದ ಪುಟ್ಟ ಟ್ರ್ಯಾಕ್ ಅದು. ನೇರ ದಾರಿಯಲ್ಲಿ ಕಾರು ಬಾಣದಂತೆ ಹೋಗುತ್ತಿತ್ತು, ಹೇರ್‌ಪಿನ್ ತಿರುವು ಬಂದೊಡನೆ ಮರಳಿಗೆ ಇಳಿಯುತ್ತಿತ್ತು. ಪ್ರತಿ ಸಲವೂ ಅವನು ಕಾರನ್ನೇ ಬೈದ. ಡೆಮಿಯೊ ತೆಗೆದುಕೋ ಎಂದೆ. “ಅದು ಓಡಂಗೇ ಇಲ್ಲ ಕಾಕಾ, ನಿದ್ದಿ ಬರ್ತದ” ಎಂದ. ಹತ್ತು ಸುತ್ತು ಹೊಡೆ ಸಾಕು ಎಂದು ಪಕ್ಕದಲ್ಲಿ ಕುಳಿತೆ. ಮೊದಲ ಮೂರು ಸುತ್ತುಗಳಲ್ಲಿ ಅವನ ಬೆರಳು ಬ್ರೇಕಿನ ಗುಂಡಿಯನ್ನು ಪೂರ್ತಿ ಅದುಮಿಯೇ ಇತ್ತು. ನಾಲ್ಕನೆಯದರಲ್ಲಿ ಹೇರ್‌ಪಿನ್ನಿಗೆ ಮೊದಲೇ ಬ್ರೇಕ್ ಹಿಡಿದು, ಕಾರು ಒಳಕ್ಕೆ ತಿರುಗುತ್ತಿದ್ದಂತೆ ಬೆರಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಕಾರು ಒಳಅಂಚಿನ ಕೆಂಪು ಬಿಳಿ ಪಟ್ಟಿಯನ್ನು ಸವರಿಕೊಂಡು ಹೊರಬಂತು. ಅವನು ಮಾತನಾಡಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕುಳಿತ. ಹತ್ತನೆಯ ಸುತ್ತು ಮೊದಲನೆಯದಕ್ಕಿಂತ ಎರಡು ಸೆಕೆಂಡಿಗೂ ಬೇಗ ಮುಗಿಯಿತು. ಹತ್ತು ಎಂದದ್ದು ನಲವತ್ತಾಯಿತು, ಊಟಕ್ಕೆ ಅತ್ತಿಗೆ ಮೂರು ಸಲ ಕರೆಯಬೇಕಾಯಿತು.

ನನ್ನ ವೃತ್ತಿಯಲ್ಲಿಯೂ ಇದರ ಗುರುತು ಸಿಗುತ್ತದೆ. ಬೆಳಿಗ್ಗೆ ಆರಕ್ಕೆ ರಿಂಗ್ ರಸ್ತೆಯಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿಯುವ ಹುಡುಗರಲ್ಲಿ, ಮೊಬೈಲಿನಲ್ಲಿ ಸೂಪರ್‌ಕಾರುಗಳನ್ನು ಹಾರಿಸಿ ಬಂದವರು ಮುಂದೆ ಕಬ್ಬಿನ ಟ್ರ್ಯಾಕ್ಟರ್ ಕಂಡರೂ ಕಾಲನ್ನು ಆಕ್ಸಿಲರೇಟರ್ ಮೇಲಿಂದ ತೆಗೆಯುವುದಿಲ್ಲ. ನನ್ನ ಕಾಲಡಿಯ ಬ್ರೇಕನ್ನೇ ನಾನು ತುಳಿಯಬೇಕಾಗುತ್ತದೆ. “ಗೇಮ್‌ನಾಗ ಇಷ್ಟು ಲಗೂ ಬ್ರೇಕ್ ಹಿಡಿಯಂಗಿಲ್ರಿ ಸರ್” ಎಂದು ಒಬ್ಬ ಪ್ರಾಮಾಣಿಕವಾಗಿಯೇ ಹೇಳಿದ. ಹಾಗೆಂದು ಆಟವನ್ನೇ ಬಿಡಿಸಿ ಎಂದು ಪಾಲಕರಿಗೆ ನಾನು ಹೇಳುವುದಿಲ್ಲ. ಗ್ರ್ಯಾನ್ ಟುರಿಸ್ಮೊ ಆಟಗಾರರಿಗಾಗಿ 2008ರಲ್ಲಿ ನಿಸಾನ್ ಮತ್ತು ಸೋನಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಸ್ಪೇನಿನ ಲೂಕಾಸ್ ಒರ್ಡೊನ್ಯೆಸ್, 2011ರಲ್ಲಿ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ತಮ್ಮ ತಂಡದೊಂದಿಗೆ ಎಲ್‌ಎಂಪಿ2 (ರೇಸಿಗೆಂದೇ ಕಟ್ಟಿದ ಕಾರುಗಳ ಎರಡನೆಯ ದರ್ಜೆ) ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆದರು. ಆಟದಲ್ಲಿ ಪಳಗಿದ ಕೈ ರಸ್ತೆಯಲ್ಲೂ ಪಳಗಬಲ್ಲದು. ನಿಜದ ರೇಸಿಗೆ ಹತ್ತಿರವಾಗಿ ರಚಿಸಿದ ಐರೇಸಿಂಗ್ ಎಂಬ ಆಟದಲ್ಲಿಯೂ ಹೊಸಬರಿಗೆ ಮೊದಲು ಕೊಡುವ ಕಾರುಗಳಲ್ಲಿ ಮಜ್ದಾ ಎಂಎಕ್ಸ್-5 ಎಂಬ ಹಗುರವಾದ ಪುಟ್ಟ ಕಾರು ಇದೆ. ಕಲಿಸುವವನಾಗಿ ಆ ಆಯ್ಕೆಯ ಹಿಂದಿನ ವಿವೇಕ ನನಗೆ ಅರ್ಥವಾಗುತ್ತದೆ.

ಸೂಪರ್‌ಕಾರಿನ ಮೇಲೆ ನನಗೆ ದ್ವೇಷವಿಲ್ಲ. ನಮ್ಮೂರಿನ ಜಗತ್ ವೃತ್ತದಲ್ಲಾಗಲಿ ಸೂಪರ್ ಮಾರ್ಕೆಟ್ ಪೇಟೆಯಲ್ಲಾಗಲಿ ವೇರಾನ್ ಕಾಣಿಸಿಕೊಳ್ಳುವ ದಿನ ಬರಲಾರದು. ನಮ್ಮ ಹುಡುಗ ಅದರೊಳಗೆ ಕುಳಿತು ನೋಡಲು ಆಟವೊಂದೇ ದಾರಿ, ಆ ಬೆರಗು ಅವನಿಗೆ ಸಿಗಲಿ. ಆಟವೇ ಕೊಡುವ ನೆರವಿನ ಸೌಲಭ್ಯಗಳನ್ನೆಲ್ಲ ತೆಗೆದುಹಾಕಿ ಅಂಥ ಕಾರನ್ನು ಹದದಲ್ಲಿ ಓಡಿಸುವವರು ನಿಜಕ್ಕೂ ಗಟ್ಟಿಗರು. ಆದರೆ ಅದನ್ನೇ ಗುರಿಯಾಗಿ ನಿಲ್ಲಿಸಿದಾಗ ಆಟ ಕೂಲಿಯಾಗುತ್ತದೆ. 2022ರ ಮಾರ್ಚ್‌ನಲ್ಲಿ ಗ್ರ್ಯಾನ್ ಟುರಿಸ್ಮೊ 7ರಲ್ಲಿ ಹಲವು ರೇಸುಗಳ ಬಹುಮಾನದ ಹಣವನ್ನು ಇಳಿಸಿದಾಗ ಆಟಗಾರರು ಸಿಟ್ಟಿಗೆದ್ದರು. ದುಬಾರಿ ಕಾರು ಕೊಳ್ಳಲು ಒಂದೇ ರೇಸನ್ನು ಮತ್ತೆ ಮತ್ತೆ ಓಡಬೇಕು, ಇಲ್ಲವೇ ನಿಜವಾದ ಹಣ ತೆರಬೇಕು ಎಂಬುದು ಅವರ ದೂರಾಗಿತ್ತು. ಕೊನೆಗೆ ಯಮೌಚಿಯವರೇ ಕ್ಷಮೆ ಕೇಳಿ, ಬಹುಮಾನ ಹೆಚ್ಚಿಸಲು ಒಪ್ಪಿ, ಆಟಗಾರರಿಗೆ 10 ಲಕ್ಷ ಕ್ರೆಡಿಟ್ ಕೊಟ್ಟರು. ಇಷ್ಟೆಲ್ಲ ಗದ್ದಲ ನಡೆಯುವಾಗಲೂ ಗ್ಯಾರೇಜಿನ ಮೂಲೆಯಲ್ಲಿ ಡೆಮಿಯೊ ನಿಂತೇ ಇತ್ತು ಎಂಬುದು ನನ್ನನ್ನು ಕಾಡುತ್ತದೆ.

ಇನ್ನು ನಮ್ಮ ಕಾರುಗಳ ಮಾತು. 1983ರ ಡಿಸೆಂಬರಿನಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800ರಲ್ಲಿ ಕೈ ಪಳಗಿಸಿಕೊಂಡವರು ಈ ಜಿಲ್ಲೆಯ ಓಣಿ ಓಣಿಯಲ್ಲಿದ್ದಾರೆ. 796 ಸಿಸಿಯ ಮೂರು ಸಿಲಿಂಡರಿನ ಆ ಕಾರು ಹುಟ್ಟಿದ್ದು ಸುಜುಕಿ ಆಲ್ಟೊದಿಂದ. ಅದೇ ವಂಶದ ಆಲ್ಟೊ ವರ್ಕ್ಸ್ ಗ್ರ್ಯಾನ್ ಟುರಿಸ್ಮೊದ ಹಳೆಯ ಆವೃತ್ತಿಗಳಲ್ಲಿ ಟರ್ಬೊ ಸದ್ದು ಮಾಡುತ್ತ ಓಡಿದೆ; ಜಪಾನಿನವರು ತಮ್ಮ ಮನೆಮುಂದಿನ ಪುಟ್ಟ ಕಾರನ್ನು ಅಷ್ಟು ಅಕ್ಕರೆಯಿಂದ ಆಟದೊಳಗೆ ತಂದರು. ನಮ್ಮ 800 ಆಗಲಿ ಅಂಬಾಸಿಡರ್ ಆಗಲಿ ಬೊಲೆರೊ ಆಗಲಿ ನಾನು ಆಡಿದ ದೊಡ್ಡ ಆಟಗಳಲ್ಲಿ ಒಂದರಲ್ಲೂ ಸಿಕ್ಕಿಲ್ಲ. ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ಕುಳಿತು ಆಟ ರಚಿಸುವ ನಮ್ಮ ಹುಡುಗ ಹುಡುಗಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂಬುದು ನನ್ನ ವಿನಂತಿ. ಎರಡನೆಯ ಗೇರಿನಲ್ಲಿ 800ರ ಎಂಜಿನ್ ಏದುಸಿರು ಬಿಡುವುದು, ಲೋಡ್ ತುಂಬಿದಾಗ ಹಿಂಭಾಗ ಕುಸಿದು ಮೂತಿ ಎದ್ದು ಸ್ಟೀರಿಂಗ್ ಹಗುರಾಗುವುದು, ಮೊದಲ ಮಳೆ ಬಿದ್ದ ದಿನ ಎರೆಮಣ್ಣು ಮೆತ್ತಿದ ಡಾಂಬರಿನ ಮೇಲೆ ಟೈರು ಹಿಡಿತ ತಪ್ಪುವುದು, ಇವನ್ನೆಲ್ಲ ನಿಜಕ್ಕೆ ಹತ್ತಿರವಾಗಿ ತಂದ ಆಟವಿದ್ದರೆ ಅದು ಸರಿಯೋ ತಪ್ಪೋ ಎಂದು ಹೇಳಬಲ್ಲ ಪರೀಕ್ಷಕರು ಈ ನಾಡಿನಲ್ಲಿ ಲಕ್ಷಗಟ್ಟಲೆ ಸಿಗುತ್ತಾರೆ. ವೇರಾನ್ ಸರಿಯಾಗಿ ಬಂದಿದೆಯೇ ಎಂದು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ?

ತಮ್ಮ ಪುರವಣಿಯಲ್ಲಿ ಮುಂದಿನ ಸಲ ಇಂಥ ಲೇಖನ ಬಂದಾಗ ಸಣ್ಣ ಕಾರುಗಳಿಗೂ ಅರ್ಧ ಪುಟ ಮೀಸಲಿಡಬೇಕೆಂದು ಕೋರುತ್ತೇನೆ. ಆಟಕ್ಕಾಗಿ ಎಂಜಿನ್ನಿನ ಸದ್ದನ್ನು ನಿಜವಾದ ಕಾರಿನಿಂದಲೇ ಮುದ್ರಿಸಿಕೊಳ್ಳುವ ರೂಢಿ ಇದೆ. ನನ್ನ ಮನೆಯ ಮುಂದೆ 1998ರ ಮಾರುತಿ 800 ನಿಂತಿದೆ. ಮರುನೋಂದಣಿಯಾಗಿದೆ, ಎಂಜಿನ್ ಇನ್ನೂ ಬಿಚ್ಚಿಲ್ಲ, ಒಂದೇ ಸೆಲ್ಫ್‌ಗೆ ಶುರುವಾಗುತ್ತದೆ. ಆಟ ರಚಿಸುವ ಯಾರಾದರೂ ಮೈಕು ಹಿಡಿದು ಬಂದರೆ ಒಂದು ಇಡೀ ದಿನ ಅದನ್ನು ಅವರಿಗೆ ಬಿಟ್ಟುಕೊಡುತ್ತೇನೆ, ಪೆಟ್ರೋಲ್ ಖರ್ಚು ನನ್ನದು.

ತಮ್ಮ ವಿಶ್ವಾಸಿ,
ಒಬ್ಬ ಚಾಲನಾ ಶಿಕ್ಷಕ, ಕಲಬುರಗಿ