ಅರಸು ರಸ್ತೆಯ ಮೊಬೈಲ್ ಅಂಗಡಿಯ ತಮ್ಮನಿಗೆ

ಗುರುವಾರ ಸಂಜೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಅಮ್ಮನ ಫೋನ್ ಸರಿ ಮಾಡಿಕೊಟ್ಟೆಯಲ್ಲಪ್ಪ, ಇದು ನಿನಗೆ.

ಹೋಮ್ ಸ್ಕ್ರೀನಿನ ಕೆಳಸಾಲಲ್ಲಿ ಕರೆಯ ಐಕಾನ್ ಇದ್ದ ಕಡೆ ಬೆಳಿಗ್ಗೆ ಯೂಟ್ಯೂಬ್, ಮಧ್ಯಾಹ್ನ ಕ್ಯಾಮೆರಾ. ಮೂರು ದಿನ ಅಮ್ಮ ಯಾರಿಗೂ ಫೋನ್ ಮಾಡಿರಲಿಲ್ಲ.

ನೀನು ಫೋನನ್ನು ಅವರ ಕಡೆ ತಿರುಗಿಸಿಟ್ಟು ಐಕಾನಿನ ಸುತ್ತ ಇದ್ದ ತೆಳು ಬಣ್ಣದ ಗೆರೆ ತೋರಿಸಿದೆ. "ಗೆರೆ ಇದ್ರೆ ಅದು ಫೋನೇ ತಂದು ಕೂರಿಸಿದ್ದು ಅಮ್ಮಾ." ಕೈತಪ್ಪಿ ಒಂದು ಐಕಾನ್ ಎಳೆದುಹೋದರೆ ಜಾಗ ಖಾಲಿಯಾಗುತ್ತೆ, ಹೆಚ್ಚು ಬಳಸುವ ಆ್ಯಪನ್ನು ಫೋನ್ ಅಲ್ಲಿ ತುಂಬುತ್ತೆ, ಹೊತ್ತಿಗೊಂದು. ಕಾರಣ ಇಷ್ಟೇ.

ಆಮೇಲೆ ಅಮ್ಮನ ಬೆರಳಿಂದಲೇ ಮಾಡಿಸಿದೆ: ಖಾಲಿ ಜಾಗ ಒತ್ತಿ ಹಿಡಿ, ಹೋಮ್ ಸೆಟ್ಟಿಂಗ್ಸ್, ಸಜೆಶನ್ಸ್, ಹೋಮ್ ಸ್ಕ್ರೀನಿನದನ್ನು ಆಫ್ ಮಾಡು. ನಂತರ ಪರದೆಯನ್ನು ಮೇಲಕ್ಕೆ ಸರಿಸಿ, ಪಟ್ಟಿಯಿಂದ ಕರೆಯ ಐಕಾನ್ ಒತ್ತಿ ಹಿಡಿದು ಕೆಳಸಾಲಿಗೆ ಎಳೆದು ಬಿಡು. ಮೊದಲ ಸಲ ಬೆರಳು ಬೇಗ ಎತ್ತಿದರು, ಐಕಾನ್ ಬೇರೆಲ್ಲೋ ಕೂತಿತು. ಗಿರಾಕಿಗಳು ಕಾಯುತ್ತಿದ್ದರೂ ನೀನು ಕೈ ಹಾಕಲಿಲ್ಲ, ಎರಡನೇ ಸಲ ಅವರೇ ಕೂರಿಸಿದರು.

ಐಕಾನ್ ಎಳೆಯುವಾಗ ಕಾಣುವ ಎರಡು ಪದಗಳ ಅರ್ಥವನ್ನು ಟೆಂಪರ್ಡ್ ಗ್ಲಾಸಿನ ರಟ್ಟಿನ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ: "ರಿಮೂವ್ ಅಂದ್ರೆ ಹೋಮ್ ಸ್ಕ್ರೀನಿಂದ ಮಾತ್ರ ಹೋಗುತ್ತೆ. ಅನ್‌ಇನ್‌ಸ್ಟಾಲ್ ಅಂದ್ರೆ ಆ್ಯಪೇ ಹೋಗುತ್ತೆ." ಇದು ಎಲ್ಲರಿಗೂ ಬೇಕಾದ ಮಾತು.

ದುಡ್ಡು ಬೇಡವೆಂದೆ. ಅಂಗಡಿಯ ಮೆಟ್ಟಿಲಲ್ಲೇ ನಿಂತು ಅಮ್ಮ ಮಂಡ್ಯದ ಚಿಕ್ಕಮ್ಮನಿಗೆ ಫೋನ್ ಮಾಡಿದರು. ರಟ್ಟು ಈಗ ಅವರ ಪರ್ಸಿನಲ್ಲಿದೆ. ತುಂಬಾ ಧನ್ಯವಾದ ತಮ್ಮಾ.