ಭಾನುವಾರ ಐಟಿಐ, ಡಿಪ್ಲೊಮಾ ಮಾಹಿತಿ ಸಭೆ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ, ಅವರ ಅಪ್ಪ-ಅಮ್ಮಂದಿರಿಗೆ ಐಟಿಐ, ಡಿಪ್ಲೊಮಾ ಬಗ್ಗೆ ಸಭೆ ಇದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ನಡೆಯುವ ಮೆಷಿನ್) ಆಪರೇಟರ್ ಬೇಕು ಅಂತ ಗೇಟಿಗೇ ಬೋರ್ಡ್ ನೇತುಹಾಕಿರುತ್ತಾರೆ, ಇಲ್ಲಿ ಡಿಗ್ರಿ ಆದವರು ಸುಮ್ನೆ ಮನೆಯಲ್ಲಿ ಕೂತಿದ್ದಾರೆ. ಐಟಿಐ ಅಂದರೆ ದಡ್ಡರಿಗೆ ಅನ್ನೋ ಮಾತು ಇನ್ನೂ ಹೋಗಿಲ್ಲ ನೋಡಿ.

ಜಿಟಿಟಿಸಿಯ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಪಾಸಾದವರು ಅರ್ಜಿ ಹಾಕಬಹುದು. 3 ವರ್ಷ ಪಾಠದ ಜೊತೆಗೆ ಲೇತ್, ಮಿಲ್ಲಿಂಗ್ ಮೆಷಿನ್ ಮುಂದೆ ನಿಂತು ಕೆಲಸ, ಆಮೇಲೆ 1 ವರ್ಷ ಕಾರ್ಖಾನೆಯಲ್ಲೇ ತರಬೇತಿ. ಮುಂದೆ ಓದುವ ದಾರಿಯೂ ಮುಚ್ಚುವುದಿಲ್ಲ: 2 ವರ್ಷದ ಐಟಿಐ ಮಾಡಿದವರು ಡಿಪ್ಲೊಮಾ 2ನೇ ವರ್ಷಕ್ಕೆ, ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ 2ನೇ ವರ್ಷಕ್ಕೆ ಸೇರಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಜೆರಾಕ್ಸ್ ತನ್ನಿ, ಅರ್ಜಿ ತುಂಬಲು ಅಲ್ಲೇ ಸಹಾಯ ಮಾಡುತ್ತೇವೆ. ಕಾರ್ಖಾನೆಯಲ್ಲಿರುವ ಅಣ್ಣಂದಿರು, ಅಕ್ಕಂದಿರು ಇಬ್ಬರಾದರೂ ಬಂದು ಹತ್ತು ನಿಮಿಷ ಮಾತಾಡಿ, ಸಂಬಳ, ಶಿಫ್ಟಿನ ಕಷ್ಟ ಎರಡನ್ನೂ ಮುಚ್ಚಿಡದೆ ಹೇಳಿ. ಬರುವವರು ಶುಕ್ರವಾರ ಸಂಜೆಯೊಳಗೆ ಈ ಗ್ರೂಪಿನಲ್ಲೇ ಹೆಸರು ಹಾಕಿ. ಅಲ್ಲಿವರೆಗೆ ಗುಡ್ ಮಾರ್ನಿಂಗ್ ಫೋಟೊ ಸ್ವಲ್ಪ ಕಡಿಮೆ ಮಾಡಿ ಮಾರಾಯ್ರೆ, ಮೆಸೇಜ್ ಕಾಣಿಸಲ್ಲ.