ಹೊಸ ಇಎಂಟಿಗಳ (ತುರ್ತು ವೈದ್ಯಕೀಯ ತಂತ್ರಜ್ಞರ) ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸರ್ಟಿಫಿಕೇಟ್ ಕೈಗೆ ಬಂದವರಿಗೆಲ್ಲ ಅಭಿನಂದನೆ. 108 ಆಂಬುಲೆನ್ಸ್‌ನಲ್ಲಿ ಡ್ಯೂಟಿ ಶುರು ಮಾಡುವವರು ಇದನ್ನು ಓದಿಕೊಳ್ಳಿ.

ಶಿಫ್ಟ್ ವಹಿಸಿಕೊಳ್ಳುವಾಗ ಹಿಂದಿನವರು 'ಎಲ್ಲಾ ಇದೆ' ಅಂದರೂ ನೀವೇ ನೋಡಿ. ಆಕ್ಸಿಜನ್ ಸಿಲಿಂಡರ್ ವಾಲ್ವ್ ತೆರೆದು ಗೇಜ್ ಓದಿ. ಸಕ್ಷನ್ (ಬಾಯಿ, ಗಂಟಲಿನ ದ್ರವ ಎಳೆಯುವ ಯಂತ್ರ) ಆನ್ ಮಾಡಿ, ಸರಿಯಾಗಿ ಎಳೆಯುತ್ತದೆಯಾ ನೋಡಿ. ಅಂಬು ಬ್ಯಾಗ್‌ಗೆ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮಕ್ಕಳ ಮಾಸ್ಕ್ ಇದೆಯಾ? ಗ್ಲುಕೋಮೀಟರ್ ಸ್ಟ್ರಿಪ್‌ಗಳ ಅವಧಿ ಮುಗಿದಿಲ್ಲ ತಾನೇ?

ಹೆರಿಗೆ ಕಿಟ್ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ. ಹಳ್ಳಿ ಕಡೆ ಹೆರಿಗೆ ಕರೆ ಬಂದೇ ಬರುತ್ತೆ. ಮಗು ಗಾಡಿಯಲ್ಲೇ ಹುಟ್ಟಿದರೆ ತಕ್ಷಣ ಚೆನ್ನಾಗಿ ಒರೆಸಿ, ತಾಯಿಯ ಎದೆ ಮೇಲೆ ಮಲಗಿಸಿ, ಒಣ ಬಟ್ಟೆ ಹೊದಿಸಿ. ಮಗು ಚೆನ್ನಾಗಿ ಅಳುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯಿರಿ.

ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವುದು) ಲೆಕ್ಕ ಗೊತ್ತೇ ಇದೆ ಅಲ್ವಾ? ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ. ಒಬ್ಬರೇ ಒತ್ತುತ್ತಾ ಹೋದರೆ ಬೇಗ ಸುಸ್ತಾಗುತ್ತೆ. ಸ್ಥಳದಲ್ಲಿ ಪೈಲಟ್ (ಆಂಬುಲೆನ್ಸ್ ಚಾಲಕ) ಇರುತ್ತಾರಲ್ಲ, 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ.

ಅನುಮಾನ ಬಂದರೆ ಕಾಲ್ ಸೆಂಟರ್ ಡಾಕ್ಟರಿಗೆ ಫೋನ್ ಮಾಡಿ, ಸುಮ್ನೆ ಊಹೆ ಮಾಡಬೇಡಿ. ರೋಗಿಯ ಫೋಟೊ ಈ ಗುಂಪಿಗೆ ಹಾಕಬೇಡಿ, ಮುಖ ಮುಚ್ಚಿದ್ದರೂ ಬೇಡ.